ಅರ್ಥವಾಗದೆ ‘ಹೂಂ’ ಅನ್ನಬೇಡಿ: ಜರ್ಮನಿಯ ಕೆಲಸದ ಜಾಗದಲ್ಲಿ ಸಹೋದ್ಯೋಗಿಗಳ ಜೊತೆ ಮಾತು

ಸ್ಟುಟ್‌ಗಾರ್ಟ್ ಹತ್ತಿರದ ಒಂದು ಬಿಡಿಭಾಗಗಳ ಕಾರ್ಖಾನೆಗೆ ನಾನು ಸೇರಿ ಆಗ ಮೂರು ವಾರ. ಅಳತೆ ವಿಭಾಗದ ಹಿರಿಯರೊಬ್ಬರು ಬಂದು ಶಾಫ್ಟ್‌ಗಳ ಒಂದು ಟ್ರೇ ತೋರಿಸಿ ನಾಲ್ಕೈದು ವಾಕ್ಯ ಹೇಳಿದರು. ಹಿಂದೆ ಲೇತ್ ಓಡುತ್ತಿತ್ತು. ಅಷ್ಟರಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಇವತ್ತು’, ‘ಈ ಟ್ರೇ’, ‘ದಯವಿಟ್ಟು’ ಅನ್ನುವಷ್ಟೇ. ತಲೆಯಾಡಿಸಿ ‘ಯಾ, ಯಾ’ ಅಂದೆ. ಆ ಟ್ರೇಯನ್ನು ತಡೆದಿಡಿ, ಇವತ್ತು ಕಳಿಸಬೇಡಿ ಅಂತ ಅವರು ಹೇಳಿದ್ದರು. ನಾನು ಸಂಜೆಯ ಲಾರಿಗೆ ಹಾಕಿಸಿಬಿಟ್ಟೆ. ಎರಡು ದಿನದ ಮೇಲೆ ಟ್ರೇ ವಾಪಸ್ ಬಂತು. ಅವರು ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಅರ್ಥವಾಗಿರಲಿಲ್ಲ ಅಂದರೆ ಹೌದು ಅಂತ ಯಾಕೆ ಹೇಳಿದಿರಿ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆ ಕಡೆಯೋ ಜರ್ಮನ್ ಭಾಷೆಯ ಮಧ್ಯಮ ಹಂತವಾದ ಬಿ1 ಮುಗಿಸಿ ಜರ್ಮನಿಗೆ ಹೊರಟ ಇಂಜಿನಿಯರ್‌ಗಳು, ನರ್ಸ್‌ಗಳು, ಎಂ.ಎಸ್. ಮುಗಿಸಿ ಕೆಲಸ ಹಿಡಿದವರು, ಇವರಿಗಾಗಿ ಇದು. ವ್ಯಾಕರಣ ನಿಮಗೆ ಗೊತ್ತಿದೆ. ನಾನು ಹೇಳುವುದು ವ್ಯಾಕರಣ ಸರಿಯಿದ್ದೂ ಮಾತು ಕೆಡುವ ಜಾಗಗಳನ್ನು, ಮತ್ತು ಅಲ್ಲಿ ಏನು ಮಾಡಬೇಕು ಅನ್ನುವುದನ್ನು.

ಮೊದಲ ಹೆಜ್ಜೆ: ‘ಹೂಂ’ ನಿಲ್ಲಿಸಿ, ಕೇಳಿದ್ದನ್ನು ತಿರುಗಿ ಹೇಳಿ

ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವುದು ಮಗುವಿನ ಕೆಲಸ. ಹೂಂಗುಟ್ಟದಿದ್ದರೆ ಕಥೆ ನಿಲ್ಲುತ್ತದೆ. ನಮ್ಮ ‘ಹೂಂ’ಗೆ ಅರ್ಥ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಎಂದು. ಅದನ್ನೇ ನಾವು ಜರ್ಮನ್‌ನಲ್ಲಿ ‘ಯಾ’ ಮಾಡಿಬಿಡುತ್ತೇವೆ. ಕೆಲಸದ ಮಾತಿನ ಕೊನೆಗೆ ಬರುವ ‘ಯಾ’ ಅಲ್ಲಿ ಒಪ್ಪಿಗೆ: ನನಗೆ ತಿಳಿಯಿತು, ನಾನು ಮಾಡುತ್ತೇನೆ. ಹೇಳಿದವರು ಆ ಕೆಲಸವನ್ನು ತಮ್ಮ ಮನಸ್ಸಿನಿಂದ ಅಲ್ಲಿಗೇ ಇಳಿಸಿಬಿಡುತ್ತಾರೆ. ಅದಕ್ಕೇ ಟ್ರೇಯ ಆ ಹಿರಿಯರಿಗೆ ಅಷ್ಟು ಆಶ್ಚರ್ಯವಾದದ್ದು. ಇನ್ನೊಂದು ಮಾತು: ‘ಯಾ, ಯಾ’ ಎಂದು ಎರಡು ಸಲ ಬೇಗ ಹೇಳಿದರೆ ‘ಆಯ್ತು ಬಿಡಿ, ಸಾಕು’ ಅನ್ನುವ ಧಾಟಿ ಬರುತ್ತದೆ. ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸುವ ನಮ್ಮ ಅಭ್ಯಾಸ ಅವರಿಗೆ ‘ಇಲ್ಲ’ದ ಹಾಗೆ, ಇಲ್ಲವೇ ಅನುಮಾನದ ಹಾಗೆ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ಅರ್ಥವಾಗದ ಮೊದಲ ಪದದ ಹತ್ತಿರವೇ ಕೈ ಎತ್ತಿ ‘ಮೊಮೆಂಟ್, ಬಿಟ್ಟೆ’ ಅನ್ನಿ, ಅಂದರೆ ‘ಒಂದು ಕ್ಷಣ, ದಯವಿಟ್ಟು’. ವಾಕ್ಯ ಮುಗಿಯಲಿ ಅಂತ ಕಾದರೆ ಇನ್ನೂ ಮೂರು ಗೊತ್ತಿಲ್ಲದ ಪದ ಸೇರಿರುತ್ತವೆ. ಆಮೇಲೆ ‘ಇನ್ನೊಂದು ಸಲ ಹೇಳಿ’ ಎಂದಷ್ಟೇ ಕೇಳಬೇಡಿ, ಅವರು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುತ್ತಾರೆ. ಸಿಕ್ಕಿಕೊಂಡ ಪದವನ್ನೇ ಹಿಡಿದು ಕೇಳಿ: ‘ವಾಸ್ ಹೈಸ್ಟ್ ಶ್ಪೆರನ್?’ ಅಂದರೆ ‘ಶ್ಪೆರನ್’ ಅಂದರೇನು? ನನ್ನ ಟ್ರೇ ಕೆಟ್ಟದ್ದು ಇದೇ ಪದದಿಂದ. ಮಾಲನ್ನು ತಡೆದಿಡುವುದಕ್ಕೆ ಕಾರ್ಖಾನೆಯಲ್ಲಿ ಬಳಸುವ ಮಾತು ಅದು. ಪಠ್ಯಪುಸ್ತಕದಲ್ಲಿ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು: ನೀವು ಮಾಡಲಿರುವ ಕೆಲಸವನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಿ. ‘ಆಲ್ಝೋ’ ಎಂದು ಶುರುಮಾಡಿ. ಬರೆದಾಗ ಇಂಗ್ಲಿಷಿನ ‘ಆಲ್ಸೋ’ ಥರ ಕಂಡರೂ ಇದರ ಅರ್ಥ ‘ಹಾಗಾದರೆ’. ‘ಹಾಗಾದರೆ, ಈ ಟ್ರೇ ಇವತ್ತು ಹೋಗುವುದಿಲ್ಲ, ನಾಳೆ ಮತ್ತೆ ಅಳೆಯುತ್ತೇವೆ, ಸರಿನಾ?’ ಕ್ರಿಯಾಪದ ತಪ್ಪಿದರೂ ಪರವಾಗಿಲ್ಲ, ಲಿಂಗ ತಪ್ಪಿದರೂ ಪರವಾಗಿಲ್ಲ. ತಪ್ಪು ಅರ್ಥ ಮಾಡಿಕೊಂಡಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಹತ್ತು ಸೆಕೆಂಡಿನ ಕೆಲಸ. ಎರಡನೇ ಸಲವೂ ತಿಳಿಯದಿದ್ದರೆ ಕಾಗದ ಮುಂದಿಟ್ಟು ಬರೆದು ಕೊಡಿ ಅನ್ನಿ, ಇಲ್ಲವೇ ಯಂತ್ರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ ಅನ್ನಿ.

‘ಪದೇ ಪದೇ ಕೇಳಿದರೆ ನನ್ನ ಜರ್ಮನ್ ಕಡಿಮೆ ಅಂತ ಗೊತ್ತಾಗುತ್ತದಲ್ಲ’ ಎಂದು ಹೊಸಬರು ಅಳುಕುತ್ತಾರೆ. ಅವರಿಗೆ ಅದು ಮೊದಲ ದಿನವೇ ಗೊತ್ತಾಗಿರುತ್ತದೆ, ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಿಟ್ಟರೆ ಮಾತ್ರ ನಂಬಿಕೆ ಹೋಗುತ್ತದೆ. ನರ್ಸ್ ಕೆಲಸದಲ್ಲಿರುವ ಗೆಳತಿಯೊಬ್ಬಳು ಪಾಳಿ ಬದಲಾಗುವಾಗ ಪ್ರತಿ ರೋಗಿಯ ವಿಷಯವನ್ನೂ ಹೀಗೆ ತಿರುಗಿ ಹೇಳಿಯೇ ವಾರ್ಡ್ ವಹಿಸಿಕೊಳ್ಳುತ್ತಾಳೆ. ಔಷಧದ ಪ್ರಮಾಣದಲ್ಲಿ ‘ಹೂಂ’ಗೆ ಜಾಗವಿಲ್ಲ.

ಇದಕ್ಕೆ ಸೇರಿದ ಒಂದು ಬಲೆ ‘ಇಲ್ಲವಾ’ ಅನ್ನುವ ಪ್ರಶ್ನೆ. ‘ಮೇಲ್ ಬಂದಿಲ್ವಾ?’ ಅಂತ ಯಾರಾದರೂ ಕೇಳಿದರೆ ನಾವು ‘ಹೌದು, ಬಂದಿಲ್ಲ’ ಅನ್ನುವುದುಂಟು. ಜರ್ಮನ್‌ನಲ್ಲಿ ಬರದಿದ್ದರೆ ‘ನೈನ್’. ಬಂದಿದ್ದರೆ ‘ಡೋಖ್’. ಈ ‘ಡೋಖ್’ ನಮ್ಮ ‘ಬಂದಿದೆಯಲ್ಲ!’ ಅನ್ನುವುದರ ಕೊನೆಯ ‘ಅಲ್ಲ’ದ ಕೆಲಸ ಮಾಡುತ್ತದೆ, ಹಾಗೆ ನೆನಪಿಟ್ಟುಕೊಳ್ಳಿ. ಗಡಿಬಿಡಿಯಲ್ಲಿ ಯಾವುದು ಅಂತ ಹೊಳೆಯದಿದ್ದರೆ ಕನ್ನಡದ ದಾರಿಯನ್ನೇ ಹಿಡಿಯಿರಿ. ‘ಬಂತಾ?’ ಎಂದರೆ ನಾವು ‘ಬಂತು’ ಅನ್ನುತ್ತೇವೆ, ಕ್ರಿಯಾಪದದಲ್ಲೇ ಉತ್ತರ ಕೊಡುತ್ತೇವೆ. ಅಲ್ಲೂ ಪೂರ್ತಿ ವಾಕ್ಯ ಹೇಳಿ: ‘ನನಗೆ ಮೇಲ್ ಬಂದಿದೆ.’ ಗೊಂದಲವೇ ಇರುವುದಿಲ್ಲ.

ಎರಡನೇ ಹೆಜ್ಜೆ: ಹೆಸರನ್ನು ಅವರ ಅಕ್ಷರಗಳಲ್ಲಿ ಹೇಳಲು ಕಲಿಯಿರಿ

ಸಣ್ಣದೆನಿಸುತ್ತದೆ, ಆದರೆ ಮೊದಲ ದಿನದ ಅರ್ಧ ಮುಜುಗರ ಇಲ್ಲಿಂದಲೇ. ಜರ್ಮನ್ ಅಕ್ಷರಗಳ ಹೆಸರು ಇಂಗ್ಲಿಷಿನ ಹೆಸರಿನ ಜೊತೆ ಅಡ್ಡಾದಿಡ್ಡಿ ಹೆಣೆದುಕೊಂಡಿವೆ. ಇಂಗ್ಲಿಷಿನಲ್ಲಿ ‘ಈ’ ಎಂದು ಕರೆಯುವ ಅಕ್ಷರ ಅವರಿಗೆ ‘ಏ’. ಇಂಗ್ಲಿಷಿನ ‘ಐ’ ಅವರಿಗೆ ‘ಈ’. ಇಂಗ್ಲಿಷಿನ ‘ಏ’ ಅವರಿಗೆ ‘ಆ’. ಇಂಗ್ಲಿಷಿನ ‘ಜೇ’ ಅವರಿಗೆ ‘ಯೋಟ್’, ‘ವೀ’ ಅವರಿಗೆ ‘ಫೌ’. ವಿಜಯ ಅನ್ನುವವರು ಫೋನಿನಲ್ಲಿ ಹೆಸರು ಹೇಳಬೇಕಾದರೆ ‘ಫೌ, ಈ, ಯೋಟ್, ಆ, ಯುಪ್ಸಿಲಾನ್, ಆ’. ಇದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ. ಹೆಸರು ತಪ್ಪಾದರೆ ಒಂದು ಮೇಲ್‌ನಲ್ಲಿ ಸರಿಮಾಡಬಹುದು. ಬಿಡಿಭಾಗದ ಸಂಖ್ಯೆಯಲ್ಲಿ ‘ಈ’ ಅಂದು ಅವರು ಬೇರೆ ಅಕ್ಷರ ಬರೆದುಕೊಂಡರೆ ಬರುವುದು ಬೇರೆ ಭಾಗ.

ಸಂದೇಹವಿರುವ ಕಡೆ ‘ಆಂಟೊನ್‌ನ ಆ, ಬೆರ್ಟಾದ ಬೇ’ ಎಂದು ಹೆಸರು ಹಿಡಿದು ಹೇಳುವ ಪದ್ಧತಿ ಅಲ್ಲಿದೆ. 2022ರಲ್ಲಿ ಇದರ ಅಧಿಕೃತ ಪಟ್ಟಿಯನ್ನು ಊರುಗಳ ಹೆಸರಿಗೆ ಬದಲಾಯಿಸಿದರು, ಆಖನ್, ಬರ್ಲಿನ್ ಹೀಗೆ. ಜನ ಇನ್ನೂ ಆಂಟೊನನ್ನು ಬಿಟ್ಟಿಲ್ಲ. ನಿಮ್ಮ ಹೆಸರಿಗೆ ಬೇಕಾದಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇನಿಶಿಯಲ್ ಇರುವ ನಮ್ಮ ಹೆಸರುಗಳದ್ದು ಬೇರೆಯೇ ಕಥೆ. ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಾಗಿ ಕೂತಿರುತ್ತದೆ. ಜರ್ಮನ್ನರು ‘ಹೆರ್’ (ಶ್ರೀ) ಅಥವಾ ‘ಫ್ರೌ’ (ಶ್ರೀಮತಿ) ಸೇರಿಸಿ ಕರೆಯುವುದು ಆ ಹೆಸರನ್ನೇ. ಅಪ್ಪನ ಹೆಸರು ಹಿಡಿದು ಕೂಗಿದಾಗ ನೀವು ತಿರುಗಿ ನೋಡದಿದ್ದರೆ ಬೇಕೆಂದೇ ಅಂತ ತಿಳಿಯುತ್ತಾರೆ. ಮೊದಲೇ ಹೇಳಿಬಿಡಿ, ‘ಇದು ನನ್ನ ತಂದೆಯ ಹೆಸರು, ನನ್ನನ್ನು ಹೀಗೆ ಕರೆಯಿರಿ’ ಎಂದು.

ಮೂರನೇ ಹೆಜ್ಜೆ: ‘ಡೂ’ ಮತ್ತು ‘ಝೀ’, ನಮ್ಮ ನೀನು ಮತ್ತು ನೀವು

ಇಂಗ್ಲಿಷ್ ಒಂದೇ ಬಲ್ಲವರು ಇಲ್ಲಿ ಒದ್ದಾಡುತ್ತಾರೆ. ಕನ್ನಡಿಗರಿಗೆ ಅರ್ಧ ಕೆಲಸ ಮುಗಿದಂತೆ. ‘ಡೂ’ ಅಂದರೆ ನೀನು, ‘ಝೀ’ ಅಂದರೆ ನೀವು. ‘ನೀವು ಬನ್ನಿ’ ಅನ್ನುವಾಗ ನಾವು ಕ್ರಿಯಾಪದವನ್ನು ಬಹುವಚನ ಮಾಡುವ ಹಾಗೆಯೇ ಅವರೂ ಮಾಡುತ್ತಾರೆ. ಅಮ್ಮನಿಗೂ ದೇವರಿಗೂ ನಾವು ‘ನೀನು’ ಅನ್ನುತ್ತೇವಲ್ಲ, ಅವರಿಗೂ ಹಾಗೆಯೇ.

ಮುಗ್ಗರಿಸುವುದು ಉಳಿದ ಅರ್ಧದಲ್ಲಿ. ನಮ್ಮಲ್ಲಿ ಹಿರಿಯ ಸಹೋದ್ಯೋಗಿ ಎಷ್ಟೇ ಸಲಿಗೆಯವರಾದರೂ ‘ನೀವು’ ಕೊನೆತನಕ ‘ನೀವು’ ಆಗಿಯೇ ಉಳಿಯುತ್ತದೆ. ಅಲ್ಲಿ ಅದು ಒಂದು ದಿನ ಬದಲಾಗುತ್ತದೆ, ಮಾತಾಡಿಕೊಂಡೇ ಬದಲಾಗುತ್ತದೆ. ಸಾಮಾನ್ಯವಾಗಿ ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರು ‘ನಾವು ಡೂ ಅನ್ನೋಣವಾ?’ ಎಂದು ಕೇಳಿ ತಮ್ಮ ಮೊದಲ ಹೆಸರು ಹೇಳುತ್ತಾರೆ. ಕೆಲವು ಕಡೆ ಕೈಯನ್ನೂ ಕುಲುಕುತ್ತಾರೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಮ್ಮ ಫೋರ್‌ಮನ್ ಹಾಗೆ ಕೇಳಿದಾಗ ನನ್ನ ನಾಲಿಗೆ ಹೊರಳಲಿಲ್ಲ. ಮಾರನೇ ದಿನವೂ ‘ಝೀ’ ಅಂದೆ. ಮರ್ಯಾದೆ ಕೊಡುತ್ತಿದ್ದೇನೆ ಅನ್ನುವುದು ನನ್ನ ಲೆಕ್ಕ. ಇವನಿಗೆ ಹತ್ತಿರ ಬರಲು ಇಷ್ಟವಿಲ್ಲ ಅನ್ನುವುದು ಅವರ ಲೆಕ್ಕ. ಕೊಟ್ಟ ‘ಡೂ’ವನ್ನು ಹಿಂದಿರುಗಿಸುವುದೆಂದರೆ ಚಾಚಿದ ಕೈಯನ್ನು ಹಿಡಿಯದೆ ಬಿಟ್ಟಂತೆ.

ಆದ್ದರಿಂದ ಕ್ರಮ ಹೀಗಿರಲಿ. ಗೊತ್ತಿಲ್ಲದಾಗ ‘ಝೀ’ಯಿಂದ ಶುರುಮಾಡಿ. ಮೊದಲ ದಿನವೇ ಪಕ್ಕದವರನ್ನು ‘ಇಲ್ಲಿ ಎಲ್ಲರೂ ಡೂ ಅನ್ನುತ್ತಾರಾ?’ ಎಂದು ಕೇಳಿಬಿಡಿ. ಐಟಿ ಕಂಪನಿಗಳಲ್ಲಿ, ಯಂತ್ರದ ಅಂಗಳದಲ್ಲಿ ಬಹುತೇಕ ‘ಡೂ’. ಆಡಳಿತ ಕಚೇರಿಯಲ್ಲಿ, ಡಾಕ್ಟರ್‌ಗಳ ನಡುವೆ, ಗ್ರಾಹಕರ ಜೊತೆ ‘ಝೀ’. ಯಾರಾದರೂ ‘ಡೂ’ ಕೊಟ್ಟರೆ ಅವತ್ತೇ ಬಳಸಿ, ಬಾಯಿಗೆ ಕಷ್ಟವಾದರೂ ಬಳಸಿ. ನಮ್ಮ ‘ಸರ್’, ‘ಮೇಡಂ’ ಎರಡನ್ನೂ ವಿಮಾನ ನಿಲ್ದಾಣದಲ್ಲೇ ಬಿಡಿ. ‘ಅಣ್ಣ’, ‘ಅಕ್ಕ’ ಹಾಕಿ ಮಾತನ್ನು ಮೆದು ಮಾಡುವ ದಾರಿ ಅಲ್ಲಿಲ್ಲ.

ಮೆದು ಮಾಡುವ ಬೇರೆ ದಾರಿ ಇದೆ, ನನಗೆ ಅದು ಬಹಳ ಇಷ್ಟ. ‘ಸ್ವಲ್ಪ ಬನ್ನಿ’, ‘ಸ್ವಲ್ಪ ನೋಡಿ’ ಅನ್ನುವಾಗ ಆ ‘ಸ್ವಲ್ಪ’ಕ್ಕೂ ಅಳತೆಗೂ ಸಂಬಂಧವಿಲ್ಲ, ಆಜ್ಞೆಯ ಗಡಸನ್ನು ತೆಗೆಯಲು ಹಾಕುತ್ತೇವೆ. ಜರ್ಮನ್‌ನ ‘ಮಾಲ್’ ಮಾಡುವುದು ಇದೇ ಕೆಲಸ. ‘ಕೊಮ್ಮನ್ ಝೀ ಮಾಲ್’, ಸ್ವಲ್ಪ ಬನ್ನಿ. ‘ಶೌ ಮಾಲ್’, ಸ್ವಲ್ಪ ನೋಡು. ನೀವು ‘ಸ್ವಲ್ಪ’ ಅನ್ನುವ ಕಡೆಯೆಲ್ಲ ‘ಮಾಲ್’ ಹಾಕಿ ನೋಡಿ, ಹತ್ತಕ್ಕೆ ಎಂಟು ಸಲ ಸರಿಹೋಗುತ್ತದೆ. ಅದೇ ರೀತಿ ‘ನನಗೆ ಚಳಿ’ ಅನ್ನಲು ‘ಮಿಯರ್ ಇಸ್ಟ್ ಕಾಲ್ಟ್’ ಅನ್ನಬೇಕು. ನಮ್ಮ ಹಾಗೇ ‘ನನಗೆ’. ಇಂಗ್ಲಿಷಿನ ಜಾಡು ಹಿಡಿದು ‘ಇಖ್ ಬಿನ್ ಕಾಲ್ಟ್’ ಅಂದರೆ ನಾನು ಭಾವನೆಯಿಲ್ಲದ ಮನುಷ್ಯ ಎಂದಾಗಬಹುದು. ಇಂಥ ಕಡೆ ಇಂಗ್ಲಿಷ್‌ಗಿಂತ ಕನ್ನಡವನ್ನು ನಂಬಿ.

ನಾಲ್ಕನೇ ಹೆಜ್ಜೆ: ಬಿಡುವಿನ ಮಾತು

‘ಊಟ ಆಯ್ತಾ?’ ನಮಗೆ ನಮಸ್ಕಾರ ಇದ್ದಂತೆ. ಅದನ್ನು ಜರ್ಮನ್‌ಗೆ ತಂದು ಕೇಳಿದರೆ ಅವರು ‘ಇನ್ನೂ ಇಲ್ಲ, ಜೊತೆಗೆ ಹೋಗೋಣ ಅಂತ ಕೇಳುತ್ತಿದ್ದೀರಾ?’ ಎಂದು ನಿಲ್ಲುತ್ತಾರೆ. ಅದರ ಜಾಗಕ್ಕೆ ಅವರದೇ ಒಂದು ಪದವಿದೆ, ‘ಮಾಲ್‌ಟ್ಸೈಟ್’. ಊಟದ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಎದುರಾದವರೆಲ್ಲ ಅಂದುಕೊಳ್ಳುತ್ತಾರೆ, ನೀವೂ ಅದನ್ನೇ ತಿರುಗಿ ಅನ್ನಿ, ಅಷ್ಟೇ. ಬೆಳಗ್ಗೆ ಕೋಣೆಗೆ ಕಾಲಿಟ್ಟಾಗ ‘ಮೋರ್ಗನ್’ ಅನ್ನದೆ ನೇರ ಕುರ್ಚಿಗೆ ಹೋಗಬೇಡಿ. ನಮ್ಮಲ್ಲಿ ನಗು ಬೀರಿದರೆ ಸಾಕು, ಅಲ್ಲಿ ಬಾಯಿಬಿಟ್ಟು ಹೇಳಬೇಕು. ಸಂಜೆ ಹೊರಡುವಾಗ ‘ಶೋನನ್ ಫಾಯರ್‌ಆಬೆಂಡ್’. ದಿನದ ಕೆಲಸ ಮುಗಿದ ಮೇಲಿನ ಹೊತ್ತಿಗೇ ಅವರು ಒಂದು ಹೆಸರಿಟ್ಟುಕೊಂಡಿದ್ದಾರೆ. ಅದು ನಿಜಕ್ಕೂ ಅವರವರ ಸ್ವಂತ ಹೊತ್ತು; ಆಮೇಲೆ ಕೆಲಸದ ಫೋನ್ ಮಾಡದಿರುವುದು ಒಳ್ಳೆಯದು.

ಸಂಬಳ, ಮದುವೆ ಯಾಕಾಗಿಲ್ಲ, ಮಕ್ಕಳು ಯಾವಾಗ, ಇವು ಬೇಡ. ಹವಾಮಾನ, ವಾರಾಂತ್ಯ, ರಜೆ, ಸೈಕಲ್, ತೋಟ, ಇವು ಧಾರಾಳವಾಗಿ ನಡೆಯುತ್ತವೆ. ರಜೆಯ ವಿಷಯ ಎತ್ತಿದರೆ ಮಾತು ತಾನಾಗಿ ಹರಿಯುತ್ತದೆ. ವಾರಕ್ಕೆ ಐದು ದಿನ ಕೆಲಸವಿರುವವರಿಗೆ ವರ್ಷಕ್ಕೆ ಕನಿಷ್ಠ 20 ದಿನದ ರಜೆ ಅಲ್ಲಿ ಕಾನೂನಿನಲ್ಲೇ ಇದೆ, ಬಹಳ ಕಡೆ ಅದಕ್ಕಿಂತ ಹೆಚ್ಚು ಕೊಡುತ್ತಾರೆ. ಎಲ್ಲಿಗೆ ಹೋಗುವುದೆಂದು ತಿಂಗಳುಗಟ್ಟಲೆ ಮುಂಚೆ ಯೋಚಿಸಿರುತ್ತಾರೆ. ಹುಟ್ಟುಹಬ್ಬದ ದಿನ ಕೇಕ್ ತರುವುದು ಹುಟ್ಟುಹಬ್ಬದವರೇ. ಒಂದು ದಿನ ಮುಂಚೆ ಶುಭಾಶಯ ಹೇಳಬೇಡಿ, ಅದನ್ನು ಅಪಶಕುನ ಅನ್ನುತ್ತಾರೆ.

‘ನೀವು ಇಂಡಿಯನ್ ಭಾಷೆ ಮಾತಾಡ್ತೀರಲ್ಲ?’ ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ‘ಕನ್ನಡ’ ಅಂದರೆ ಅವರ ಕಿವಿಗೆ ‘ಕಾನಡಾ’, ಅಂದರೆ ಕೆನಡಾ ದೇಶ ಕೇಳಿಸುತ್ತದೆ. ಬೇಸರಿಸಿಕೊಳ್ಳದೆ ಒಂದು ನಿಮಿಷದ ಉತ್ತರವನ್ನು ಜರ್ಮನ್‌ನಲ್ಲಿ ಸಿದ್ಧ ಮಾಡಿಟ್ಟುಕೊಳ್ಳಿ. ನಾನು ಹೇಳುವುದು ಅವರ ನಾಡಿನವರದೇ ಕಥೆ. ನಮ್ಮ ಕಾರ್ಖಾನೆಯಿಂದ ಎಸ್ಲಿಂಗನ್ ದೂರವಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಆ ಊರಿನಲ್ಲಿ, 1881ರಲ್ಲಿ. ಇನ್ನೂ ಸ್ವಲ್ಪ ದಕ್ಷಿಣಕ್ಕೆ ಟ್ಯೂಬಿಂಗನ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿ. ‘ನಿಮ್ಮವರೊಬ್ಬರು ನಮ್ಮ ಭಾಷೆಗೆ ಇಷ್ಟು ಮಾಡಿದ್ದಾರೆ’ ಎಂದಾಗ ಮೇಜಿನ ಸುತ್ತ ಕೂತವರು ಊಟ ನಿಲ್ಲಿಸಿ ಕೇಳಿದ್ದನ್ನು ನಾನು ನೋಡಿದ್ದೇನೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಆ ಜನ ಸುಡುಬಿಸಿಲಿನಲ್ಲಿ ಹಳ್ಳಿಯವರ ಎದುರು ಕೂತು ಒಂದೊಂದೇ ಪದದ ಅರ್ಥ ಕೇಳಿ ಬರೆದುಕೊಂಡಿರಬೇಕು. ಅದನ್ನು ನೆನೆದರೆ ‘ವಾಸ್ ಹೈಸ್ಟ್’ ಎಂದು ಕೇಳಲು ನನಗೆ ಧೈರ್ಯ ಬರುತ್ತದೆ.

ಅಂದಹಾಗೆ, ಸಸ್ಯಾಹಾರಿಗಳು ‘ವೆಗಟಾರಿಶ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಸಲಾಡ್ ಮೇಲೆ ‘ಶ್ಪೆಕ್’ ಎಂಬ ಹಂದಿಮಾಂಸದ ಚೂರು ಬಿದ್ದಿರಬಹುದು. ಮಾಂಸ, ಮೀನು, ಮಾಂಸದ ಸಾರು ಮೂರನ್ನೂ ಹೆಸರು ಹಿಡಿದು ಬೇಡವೆನ್ನಿ.

ಐದನೇ ಹೆಜ್ಜೆ: ಗಂಟೆ ಮತ್ತು ಅಂಕಿ ಬಂದಾಗ ಬರೆದು ತೋರಿಸಿ

‘ಹಾಲ್ಪ್ ಡ್ರೈ’ ಅಂದರೆ ಪದಶಃ ‘ಅರ್ಧ ಮೂರು’. ನಮ್ಮ ಕಿವಿ ಮೂರೂವರೆ ಅನ್ನುತ್ತದೆ. ಅದು ಎರಡೂವರೆ. ಮೂರನೇ ಗಂಟೆಯಲ್ಲಿ ಅರ್ಧ ಕಳೆದಿದೆ ಎಂಬ ಲೆಕ್ಕ. ದಕ್ಷಿಣ ಮತ್ತು ಪೂರ್ವ ಜರ್ಮನಿಯ ಹಲವು ಕಡೆ ‘ಡ್ರೈಫೀರ್ಟಲ್ ಡ್ರೈ’ ಅನ್ನುತ್ತಾರೆ, ‘ಮುಕ್ಕಾಲು ಮೂರು’. ಅದು ಮೂರೂಮುಕ್ಕಾಲಲ್ಲ, ಎರಡೂಮುಕ್ಕಾಲು. ಸಭೆಗೆ ಒಂದು ಗಂಟೆ ತಡವಾಗಿ ಹೋಗುವುದು ಬೇಡವೆಂದರೆ ಪ್ರತಿ ಸಲ 24 ಗಂಟೆಯ ಲೆಕ್ಕದಲ್ಲಿ ತಿರುಗಿ ಕೇಳಿ: ‘14:30, ಅಲ್ಲವಾ?’

ಅಂಕಿಗಳಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. 34 ಅಂದರೆ ‘ನಾಲ್ಕು-ಮತ್ತು-ಮೂವತ್ತು’. ‘ನಾಲ್ಕು’ ಕೇಳಿದ ಕೂಡಲೇ ಪೆನ್ನು 4 ಬರೆದುಬಿಟ್ಟರೆ ಮುಗಿಯಿತು. ಎರಡೂ ಅಂಕಿ ಕೇಳುವವರೆಗೆ ಪೆನ್ನು ತಡೆಯಿರಿ. ಇದಕ್ಕಿಂತ ಅಪಾಯದ್ದು ಅಲ್ಪವಿರಾಮ: ಅವರ ನಕ್ಷೆಯಲ್ಲಿ 2,500 ಅಂದರೆ ಎರಡೂವರೆ, 2.500 ಅಂದರೆ ಎರಡು ಸಾವಿರದ ಐನೂರು. ನಮ್ಮದು ಸರಿಯಾಗಿ ಉಲ್ಟಾ. ಅಳತೆಯನ್ನು ಹೇಳುವಾಗ ‘ಕೊಮಾ’ ಎಂದು ಬಾಯಿಬಿಟ್ಟು ಹೇಳಿ, ಮಿಲಿಮೀಟರ್ ಎಂದು ಸೇರಿಸಿ. ಲಕ್ಷ, ಕೋಟಿ ಅಲ್ಲಿ ಯಾರಿಗೂ ತಿಳಿಯದು.

ಇನ್ನು ‘ಕಾ-ವೇ 32’. ಯೋಜನೆಯ ಸಭೆಗಳಲ್ಲಿ ತಾರೀಖಿನ ಬದಲು ವರ್ಷದ ಎಷ್ಟನೇ ವಾರ ಎಂದು ಹೇಳುತ್ತಾರೆ. ವರ್ಷದ ಮೊದಲ ಗುರುವಾರ ಇರುವ ವಾರ ಒಂದನೆಯದು. ಫೋನಿನ ಕ್ಯಾಲೆಂಡರ್‌ನಲ್ಲಿ ವಾರದ ಸಂಖ್ಯೆ ಕಾಣುವಂತೆ ಇವತ್ತೇ ಮಾಡಿಕೊಳ್ಳಿ.

ಆರನೇ ಹೆಜ್ಜೆ: ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಎಚ್ಚರ

ಇಂಗ್ಲಿಷಿಗೆ ಬದಲಾದ ಕೂಡಲೇ ನಮಗೆ ನಿರಾಳ. ಆದರೆ ಇಂಗ್ಲಿಷ್ ಇಬ್ಬರದೂ ಅಲ್ಲ. ನಾವು ‘ಐ ಹ್ಯಾವ್ ಎ ಡೌಟ್’ ಅನ್ನುತ್ತೇವೆ, ಒಂದು ಪ್ರಶ್ನೆ ಇದೆ ಅಂತ. ಅವರಿಗೆ ‘ಡೌಟ್’ ಅಂದರೆ ಅಪನಂಬಿಕೆ, ಅವರ ಲೆಕ್ಕವನ್ನೇ ನಾವು ಅನುಮಾನಿಸುತ್ತಿದ್ದೇವೆ ಎಂದಾಗುತ್ತದೆ. ‘ಕ್ವೆಶ್ಚನ್’ ಅನ್ನಿ. ‘ಪ್ರೀಪೋನ್’, ‘ಔಟ್ ಆಫ್ ಸ್ಟೇಷನ್’, ‘ಡು ದ ನೀಡ್‌ಫುಲ್’ ಇವನ್ನೂ ಬಿಡಿ.

ಅವರ ಕಡೆಯದ್ದೂ ಇದೆ. ‘ಸೆಂಡ್ ಇಟ್ ಅಂಟಿಲ್ ಫ್ರೈಡೇ’ ಎಂದು ಮೇಲ್ ಬರುತ್ತದೆ. ಜರ್ಮನ್‌ನ ‘ಬಿಸ್’ ಅನ್ನುವ ಒಂದೇ ಪದದಲ್ಲಿ ನಮ್ಮ ‘ಶುಕ್ರವಾರದವರೆಗೆ’ ಮತ್ತು ‘ಶುಕ್ರವಾರದೊಳಗೆ’ ಎರಡೂ ಅಡಗಿವೆ. ಅವರು ಹೇಳುತ್ತಿರುವುದು ‘ಒಳಗೆ’. ‘ವಿ ವಿಲ್ ಇವೆಂಚುಯಲಿ ಚೇಂಜ್ ದ ಸಪ್ಲೈಯರ್’ ಅಂದರೆ ಕೊನೆಗೆ ಬದಲಾಯಿಸಿಯೇ ತೀರುತ್ತೇವೆ ಅಂತ ನಮಗೆ. ಆದರೆ ಜರ್ಮನ್‌ನ ‘ಎವೆಂಟುಎಲ್’ ಅಂದರೆ ‘ಬಹುಶಃ, ಆದರೂ ಆಗಬಹುದು’. ಈ ಎರಡು ಪದ ಕಂಡಾಗಲೆಲ್ಲ ನಾನು ತಾರೀಖು ಹಾಕಿ ಮರುಪ್ರಶ್ನೆ ಕೇಳುತ್ತೇನೆ. ಮತ್ತೆ ರಾಸಾಯನಿಕ ಇಡುವ ಕಪಾಟಿನ ಮೇಲೆ ‘ಗಿಫ್ಟ್’ ಎಂದು ಬರೆದಿದ್ದರೆ ಮುಟ್ಟಬೇಡಿ, ಜರ್ಮನ್‌ನಲ್ಲಿ ಅದು ವಿಷ.

ಏಳನೇ ಹೆಜ್ಜೆ: ಆಗದು ಅನ್ನಲು ಕಲಿಯಿರಿ, ತಪ್ಪು ಅನ್ನಿಸಿಕೊಳ್ಳಲು ಕಲಿಯಿರಿ

‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಇವು ನಮ್ಮಲ್ಲಿ ಮೆದುವಾದ ‘ಆಗಲ್ಲ’. ‘ಪ್ರಯತ್ನಿಸುತ್ತೇನೆ’ ಅಂದರೆ ಅವರು ಸಂಜೆಯೊಳಗೆ ಬರುತ್ತದೆ ಎಂದು ಕಾಯುತ್ತಾರೆ. ಮೂರು ತುಂಡಿನಲ್ಲಿ ಹೇಳಿ: ಇವತ್ತು ಆಗುವುದಿಲ್ಲ, ಕಾರಣ ಇದು, ನಾಳೆ ಹತ್ತಕ್ಕೆ ಕೊಡಬಲ್ಲೆ. ‘ಡಾಸ್ ಶಾಫೆ ಇಖ್ ಹೊಯ್ಟೆ ನಿಖ್ಟ್’, ಇದು ಇವತ್ತು ನನ್ನಿಂದ ಆಗದು, ಎಂಬುದನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ ನಾನು. ಮೊದಲ ಸಲ ಹೇಳಿದಾಗ ಎದೆ ಹೊಡೆದುಕೊಂಡಿತು. ಎದುರಿನವರು ‘ಸರಿ, ನಾಳೆ ಹತ್ತಕ್ಕೆ’ ಎಂದು ಬರೆದುಕೊಂಡು ಹೋದರು.

‘ಡಾಸ್ ಇಸ್ಟ್ ಫಾಲ್ಶ್’, ಇದು ತಪ್ಪು, ಎಂದು ಎಲ್ಲರೆದುರು ಹೇಳುತ್ತಾರೆ. ಅವರು ಕೆಲಸವನ್ನು ನೋಡಿ ಹೇಳಿದ್ದು. ಹತ್ತು ನಿಮಿಷದ ಮೇಲೆ ಅದೇ ಮನುಷ್ಯ ನಿಮಗೆ ಕಾಫಿ ತಂದುಕೊಡುತ್ತಾನೆ. ಸಮಜಾಯಿಷಿಗೆ ಇಳಿಯದೆ ಯಾವ ಜಾಗದಲ್ಲಿ ತಪ್ಪು ಎಂದು ಕೇಳಿ, ತಿದ್ದಿ. ಹೊಗಳಿಕೆಗೆ ಕಾಯಬೇಡಿ, ಅದರಲ್ಲೂ ಸ್ಟುಟ್‌ಗಾರ್ಟ್ ಸುತ್ತಲಿನ ನಮ್ಮ ಶ್ವಾಬಿಯಾ ಸೀಮೆಯಲ್ಲಿ. ‘ಬೈಯಲಿಲ್ಲ ಅಂದರೆ ಹೊಗಳಿದಂತೆಯೇ’ ಎನ್ನುವ ಗಾದೆಯೇ ಇಲ್ಲಿದೆ. ಎರಡು ವರ್ಷ ಏನೂ ಹೇಳದ ಒಬ್ಬರು ರಜೆಗೆ ಹೋಗುವಾಗ ತಮ್ಮ ಅಳತೆ ಯಂತ್ರದ ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೋದರು.

ಎಂಟನೇ ಹೆಜ್ಜೆ: ಆಡುಮಾತು, ಮತ್ತು ಜರ್ಮನ್ ಬಿಡದಿರುವುದು

ಧಾರವಾಡದ ‘ಬರ್ರಿ’, ಮಂಗಳೂರಿನ ‘ಬನ್ನಿ ಮಾರಾಯ್ರೆ’ ಕೇಳಿ ಬೆಳೆದ ನಮಗೆ ಆಡುಮಾತು ಹೊಸದಲ್ಲ. ನಮಸ್ಕಾರಕ್ಕೆ ಜರ್ಮನಿಯ ಉತ್ತರದಲ್ಲಿ ದಿನವಿಡೀ ‘ಮೊಯ್ನ್’, ದಕ್ಷಿಣದಲ್ಲಿ ‘ಗ್ರ್ಯೂಸ್ ಗಾಟ್’. ಶ್ವಾಬಿಯಾದಲ್ಲಿ ಮಾತಿನ ತುದಿಗೆ ಬರುವ ‘ಗೆಲ್’ ನಮ್ಮ ‘ಅಲ್ವಾ’. ಒಂದು ಪದವನ್ನಂತೂ ಕಾರ್ಖಾನೆಗೆ ಕಾಲಿಡುವ ಮೊದಲೇ ತಿಳಿದಿರಬೇಕು: ‘ಹೇಬನ್’. ಪುಸ್ತಕದಲ್ಲಿ ಅದಕ್ಕೆ ‘ಎತ್ತು’ ಎಂಬ ಅರ್ಥ. ಶ್ವಾಬಿಯಾದಲ್ಲಿ ‘ಹಿಡಿದುಕೋ’. ಭಾರದ ಭಾಗದ ಕೆಳಗೆ ಒಬ್ಬರ ಕೈ ಇರುವಾಗ ಈ ವ್ಯತ್ಯಾಸ ಬೆರಳಿನ ಪ್ರಶ್ನೆ. ಎತ್ತುವುದಕ್ಕೆ ಅವರು ‘ಲುಪ್ಫನ್’ ಅನ್ನುತ್ತಾರೆ.

ನೀವು ತಡವರಿಸಿದ ಕೂಡಲೇ ಅವರು ಒಳ್ಳೆಯ ಮನಸ್ಸಿನಿಂದಲೇ ಇಂಗ್ಲಿಷಿಗೆ ಹೊರಳುತ್ತಾರೆ. ಹಾಗೇ ಬಿಟ್ಟರೆ ಐದು ವರ್ಷ ಕಳೆದರೂ ಊಟದ ಮೇಜಿನಲ್ಲಿ ನೀವು ಸುಮ್ಮನೆ ಕೂತಿರುತ್ತೀರಿ. ಹಾಗೆ ಕೂತವರನ್ನು ನೋಡಿದ್ದೇನೆ, ನೋಡಿ ಸಂಕಟವಾಗಿದೆ. ಎಲ್ಲರನ್ನೂ ಕೇಳಬೇಡಿ, ತಾಳ್ಮೆಯ ಒಬ್ಬರನ್ನು ಆರಿಸಿಕೊಳ್ಳಿ. ‘ಒಂಬತ್ತರ ಬಿಡುವಿನಲ್ಲಿ ನನ್ನ ಜೊತೆ ಜರ್ಮನ್ ಮಾತ್ರ ಮಾತಾಡುತ್ತೀರಾ? ತಪ್ಪಿದರೆ ಬಿಡುವು ಮುಗಿದ ಮೇಲೆ ತಿದ್ದಿ’ ಎಂದು ಒಪ್ಪಂದ ಮಾಡಿಕೊಳ್ಳಿ. ಯಂತ್ರ ನಿಂತುಹೋದರೆ, ರೋಗಿಗೆ ತುರ್ತಾದರೆ ಇಂಗ್ಲಿಷೇ ಆಗಲಿ. ಮೇಜಿನಲ್ಲಿ ಆರು ಜನ ಒಟ್ಟಿಗೆ ಮಾತಾಡುವಾಗ ಎಲ್ಲವನ್ನೂ ಹಿಡಿಯಲು ಹೋಗದೆ ಪಕ್ಕದವರೊಬ್ಬರ ಮಾತನ್ನು ಹಿಂಬಾಲಿಸಿ. ಜೋರಾಗಿ ನಕ್ಕಾಗ ‘ಏನಂದರು?’ ಎಂದು ಅವರನ್ನೇ ಕೇಳಿ.

ನನಗೆ ಸಿಕ್ಕಿದ್ದು ಆ ಟ್ರೇಯ ಹಿರಿಯರೇ. ಬೆಣ್ಣೆ ಸವರಿದ ಬ್ರೆಟ್ಸೆಲ್ ಎಂಬ ಬ್ರೆಡ್ಡನ್ನು ಮುರಿದು ಅರ್ಧ ನನಗೆ ಕೊಡುತ್ತಾ ಅವರು ಮೊದಲ ವಾರ ದಿನಕ್ಕೆ ಐದು ಪದ ಬರೆದುಕೊಟ್ಟರು. ಆ ಚೀಟಿಯ ತಲೆಯಲ್ಲಿ ‘ಶ್ಪೆರನ್’ ಇತ್ತು.